ನಾಲ್ಕು ಕಿಲೋದ ತಂಬೂರಿ

ಈ ವರ್ಷದ ಯುಗಾದಿಯ ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಧಾರವಾಡದ ಮಾಳಮಡ್ಡಿಯಲ್ಲಿರುವ ಅಕ್ಕನ ಮನೆಯ ಪಡಸಾಲೆಯಲ್ಲಿ, ನಾನು ತಂಬೂರಿ ಹಿಡಿದು ಹತ್ತು ನಿಮಿಷ ಕೂತೆ. ಎಂಟನೆಯ ನಿಮಿಷಕ್ಕೆ ಎಡಗಾಲು ನನ್ನದೇ ಎನ್ನಲು ಕಣ್ಣಿನ ಸಾಕ್ಷಿ ಬಿಟ್ಟು ಬೇರೆ ಆಧಾರ ಉಳಿದಿರಲಿಲ್ಲ. ಹತ್ತನೆಯ ನಿಮಿಷಕ್ಕೆ ಅಕ್ಕ ಹಾಡು ನಿಲ್ಲಿಸಿದಳು.

ಅದಕ್ಕೆ ನಾಲ್ಕು ದಿನ ಮೊದಲು, ಹುಬ್ಬಳ್ಳಿಯ ಒಂದು ಜಿಮ್ಮಿನಲ್ಲಿ, ನಾನು ನೂರ ನಲವತ್ತು ಕಿಲೋ ಕಬ್ಬಿಣವನ್ನು ನೆಲದಿಂದ ಸೊಂಟದ ಮಟ್ಟಕ್ಕೆ ಎತ್ತಿ ಇಳಿಸಿದ್ದೆ. ಇದಕ್ಕೆ ವಿಡಿಯೊ ದಾಖಲೆ ಇದೆ. ತಂಬೂರಿಯ ತೂಕ, ಆಮೇಲೆ ತೂಗಿ ನೋಡಿದಂತೆ, ನಾಲ್ಕು ಕಿಲೋಕ್ಕೆ ತುಸು ಕಡಿಮೆ.

ಈ ಎರಡು ಅಂಕಿಗಳು ಒಟ್ಟಿಗೆ ನೆನಪಾದದ್ದು ಮೊನ್ನೆ, ತಂಬೂರಿಯ ಗವಸು ಝಾಡಿಸುವಾಗ. ಒಳಗಿಂದ ನನ್ನ ಜಿಮ್ಮಿನ ಕೈಗವಸು ಒಂದು ಕೆಳಗೆ ಬಿತ್ತು. ಅಂಗೈಯ ಜಾಗದಲ್ಲಿ ತೊಗಲು ಸವೆದು ಹೊಳೆಯುತ್ತಿತ್ತು. ಜೋಡಿಯ ಇನ್ನೊಂದು ಎಲ್ಲಿದೆಯೋ ತಿಳಿಯದು. ಹುಡುಕುವ ಅವಸರವೂ ಕಾಣಲಿಲ್ಲ.

ನನ್ನ ಉದ್ಯೋಗ ಗೊತ್ತಿಲ್ಲದವರಿಗೆ ಹೇಳಬೇಕು. ಪತ್ರಿಕೆಯೊಂದರ ಹುಬ್ಬಳ್ಳಿ ಕಚೇರಿಯಲ್ಲಿ ಮೂವತ್ತು ವರ್ಷಗಳಿಂದ ಸುದ್ದಿ ತಿದ್ದುವವನು ನಾನು. ವಾಸ ನವನಗರದಲ್ಲಿ. ‘ಅನೇಕ ಜನ ಸೇರಿದ್ದರು’ ಎಂದು ವರದಿಗಾರ ಬರೆದರೆ ‘ಅನೇಕ ಅಂದ್ರ ಎಷ್ಟು?’ ಎಂದು ಕೇಳುವುದೇ ನನ್ನ ಹೊಟ್ಟೆಪಾಡು. ಎಣಿಸದೆ ಯಾವುದನ್ನೂ ನಂಬಿದವನಲ್ಲ. ಜಿಮ್ಮು ನನಗೆ ಒಗ್ಗಿದ್ದು ಇದೇ ಕಾರಣಕ್ಕೆ ಇರಬೇಕು. ಅಲ್ಲಿ ಎಲ್ಲದಕ್ಕೂ ಲೆಕ್ಕ. ಎಷ್ಟು ಕಿಲೋ, ಎಷ್ಟು ಸಲ, ಎಷ್ಟು ಸೆಟ್, ನಡುವೆ ಎಷ್ಟು ಸೆಕೆಂಡು ವಿಶ್ರಾಂತಿ. ಐವತ್ತು ದಾಟಿದವನು ಜಿಮ್ಮಿಗೆ ಹೋಗುವುದಕ್ಕೆ ಆರೋಗ್ಯ ಕಾರಣ ಎಂದು ಹೇಳುವುದುಂಟು. ನನಗೆ ಕಾರಣ ಬೇರೆ ಇತ್ತು. ಶಾಲೆಯಲ್ಲಿ ನನ್ನ ಹೆಸರು ‘ಕಡ್ಡಿ ರಾಘ್ಯಾ’. ಡ್ರಿಲ್ ಮಾಸ್ತರರು ಲೇಜಿಮ್ ಕುಣಿತದ ಮೇಳದಿಂದ ನನ್ನನ್ನು ಬಿಡಿಸಿ ಧ್ವಜದ ಕಂಬದ ಪಕ್ಕ ನಿಲ್ಲಿಸುತ್ತಿದ್ದರು. ದೂರದಿಂದ ನೋಡಿದವರಿಗೆ ಎರಡು ಕಂಬ ಕಾಣುತ್ತಿದ್ದವಂತೆ. ಇದು ಅಕ್ಕನ ವರದಿ. ಉತ್ಪ್ರೇಕ್ಷೆ ಇರಬಹುದು.

ಅಕ್ಕ ಎಂದರೆ ಸುಮಿತ್ರಾ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು. ಮೂರು ವರ್ಷಗಳ ಹಿಂದೆ ಅವಳ ಕತ್ತಿನಲ್ಲಿ ಗಂಟಾಗಿ ಶಸ್ತ್ರಚಿಕಿತ್ಸೆ ಆಯಿತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಾತಿಗೆ ಸಾಕಾಗುವಷ್ಟು ದನಿ ಆರು ತಿಂಗಳಲ್ಲಿ ಮರಳಿತು. ಹಾಡಿಗೆ ಬೇಕಾದದ್ದು ಮರಳಲಿಲ್ಲ. ಮೇಲಿನ ಷಡ್ಜದ ಹತ್ತಿರ ಹೋದರೆ ಸಾಕು, ಖಡಕ್ ರೊಟ್ಟಿಯಂತೆ ಮುರಿಯುತ್ತಿತ್ತು.

ಅವಳ ಗುರುಗಳು ತೀರಿಕೊಂಡು ಬಹಳ ವರ್ಷಗಳಾದವು. ಆದರೂ ಪ್ರತಿ ಗುರುಪೂರ್ಣಿಮೆಗೆ ಶಿಷ್ಯರೆಲ್ಲ ಅವರ ಹಳೆಯ ಮನೆಯ ದೊಡ್ಡ ಕೋಣೆಯಲ್ಲಿ ಸೇರಿ ಒಬ್ಬೊಬ್ಬರಾಗಿ ಹಾಡುತ್ತಾರೆ. ಟಿಕೆಟ್ ಇಲ್ಲ, ಮೈಕ್ ಇಲ್ಲ, ಹಾರ ಇಲ್ಲ. ನಲವತ್ತು ವರ್ಷ ತಪ್ಪದೆ ಹಾಡಿದ ಅಕ್ಕ, ಕಳೆದ ಮೂರು ಸಲ ಹಿಂದಿನ ಸಾಲಿನಲ್ಲಿ ಕೂತು ಬಂದಳು. ಬಂದವರಿಗೆ ಚಹಾ ಹಂಚಿದಳು. ಯುಗಾದಿಯ ದಿನ ಹೋಳಿಗೆ ಬಡಿಸುತ್ತ, ಸಕ್ಕರೆ ತರಲು ಹೇಳುವ ದನಿಯಲ್ಲಿ ಹೇಳಿದಳು:

“ಈ ಸಲ ಗುರುಪೂರ್ಣಿಮಿಗೆ ಹಾಡ್ತೀನಿ. ನಾಳಿಂದ ರಿಯಾಜು. ನೀ ತಂಬೂರಿ ಹಿಡಿ.”

“ನಾನ? ನಿನಗ ಶಿಷ್ಯಾರು ಅಷ್ಟ ಮಂದಿ ಇದ್ದಾರಲ್ಲ ಅಕ್ಕಾ.”

“ಅವರ ಮುಂದ ಧ್ವನಿ ಒಡದ್ರ ಪಾಪ ಅಂತಾರ. ನಿನ್ನ ಮುಂದ ಒಡದ್ರ ನಿನಗ ಗೊತ್ತ ಆಗೂದಿಲ್ಲ. ಅದಕ್ಕ ನೀನ ಬೇಕು.”

“ಮೊಬೈಲ್‌ನ್ಯಾಗ ತಂಬೂರಿ ಬರ್ತದ ಈಗ.”

“ಆ ಡಬ್ಬಿಗೆ ನಾ ಹೆಂಗ ಹಾಡಿದ್ರೂ ನಡೀತದ. ನನ್ನ ಸಲುವಾಗಿ ಒಬ್ಬರರೇ ಕೂಡೋರು ಬೇಕಲ್ಲೋ.”

ಅವಳೇ ಹಿಡಿದು ಹಾಡುವಂತಿರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಬಲಗೈ ಎತ್ತಿದರೆ ಕತ್ತು ಎಳೆಯುತ್ತಿತ್ತು. ಒಪ್ಪಿಕೊಂಡೆ. ನೂರ ನಲವತ್ತು ಎತ್ತಿದವನಿಗೆ ನಾಲ್ಕು ಯಾವ ಲೆಕ್ಕ? ಫಲಿತಾಂಶವನ್ನು ಮೊದಲ ಸಾಲಿನಲ್ಲೇ ಕೊಟ್ಟಿದ್ದೇನೆ.

ಕಾಲಿನ ಜೋಮು ಇಳಿಯಲು ಕಾಯುತ್ತ ನಾನೊಂದು ಸಲಹೆ ಮುಂದಿಟ್ಟೆ. “ಕುರ್ಚಿ ಮ್ಯಾಲೆ ಕೂತು ನುಡಸಲೇನು?”

ಅಕ್ಕ ನನ್ನನ್ನೂ ತಂಬೂರಿಯನ್ನೂ ಒಮ್ಮೆ ನೋಡಿದಳು. “ಬಸ್‌ಸ್ಟ್ಯಾಂಡಿನ್ಯಾಗ ಸಾಮಾನು ಹಿಡಕೊಂಡು ಕೂತಂಗ ಕಾಣಸ್ತದ. ಬ್ಯಾಡ.” ಆಮೇಲೆ ದನಿ ತಗ್ಗಿಸಿ, “ಆಗಲಿಲ್ಲಂದ್ರ ಬಿಡು. ಈ ಸಲಾನೂ ಚಹಾ ಹಂಚತೀನಿ” ಎಂದಳು.

ಆ ತಂಬೂರಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ವರದಿ ಅಪೂರ್ಣವಾಗುತ್ತದೆ. ಅದು ಮಿರಜದಲ್ಲಿ ಮಾಡಿದ್ದು, ಅಪ್ಪ ತಂದದ್ದು. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು. ಮನೆಯಲ್ಲಿ ಇದ್ದ ಬೆಲೆಬಾಳುವ ವಸ್ತು ಅದೊಂದೇ. ಅಕ್ಕ ಬೆಳಿಗ್ಗೆ ಹಾಡಲು ಕೂತಾಗ ಅದನ್ನು ಆನಿಸಿ ಹಿಡಿಯುವ ಕೆಲಸ ಆಗಲೂ ನನ್ನದೇ ಇತ್ತು, ಮೀಟುವವಳು ಅವಳೇ. ಅದರ ಸೋರೆ ಬುರುಡೆಗೆ ಕಿವಿ ಹಚ್ಚಿದರೆ ನಾದ ಕಿವಿಯಿಂದಲ್ಲ, ದವಡೆಯಿಂದ ಒಳಗೆ ಬರುತ್ತಿತ್ತು. ಹಲ್ಲುಗಳು ಸಣ್ಣಗೆ ಜುಮ್ಮೆನ್ನುತ್ತಿದ್ದವು. ನಿದ್ದೆ ಬರಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಇದುವರೆಗೆ ಕಂಡಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಹಾಗೆ ನಿದ್ದೆ ಹೋದೆ. ತಂಬೂರಿ ಕೈಜಾರಿ ಮಣೆಯ ಅಂಚಿಗೆ ಬಡಿದು, ಬುರುಡೆಗೆ ಗೇಣುದ್ದ ಬಿರುಕು ಬಿತ್ತು. ಒಳಗಿನಿಂದ ಅಪ್ಪ ಓಡಿ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, “ನನ್ನ ಕೈ ತಾಗಿ ಬಿತ್ತು” ಎಂದಳು. ಅಪ್ಪ ಅವಳೊಂದಿಗೆ ಎರಡು ದಿನ ಮಾತಾಡಲಿಲ್ಲ. ಬುರುಡೆ ಮಿರಜಕ್ಕೆ ಹೋಗಿ ರಿಪೇರಿಯಾಗಿ ಬಂತು. ಬಿರುಕಿನ ಗೆರೆ ಇಂದಿಗೂ ಇದೆ. ಈ ಸುದ್ದಿ ಪ್ರಕಟವಾಗುತ್ತಿರುವುದು ಇದೇ ಮೊದಲು.

ಆದ್ದರಿಂದ, ‘ಚಹಾ ಹಂಚತೀನಿ’ ಎಂಬ ಮಾತು ಕೇಳಿಕೊಂಡು ನವನಗರಕ್ಕೆ ಮರಳುವುದು ನನ್ನಿಂದ ಆಗಲಿಲ್ಲ.

ಮೊದಲು ಜಿಮ್ಮು ಮತ್ತು ತಂಬೂರಿ ಎರಡನ್ನೂ ನಿಭಾಯಿಸುವೆನೆಂದುಕೊಂಡೆ. ಬೆಳಿಗ್ಗೆ ಐದಕ್ಕೆ ಹುಬ್ಬಳ್ಳಿಯಲ್ಲಿ ಭಾರ, ಏಳಕ್ಕೆ ಧಾರವಾಡದಲ್ಲಿ ನಾದ. ಭಾರ ಎತ್ತಿ ಬಂದ ಬೆರಳು ತಂತಿಯ ಮೇಲೆ ನಡುಗುತ್ತಿತ್ತು. ಮೂರನೆಯ ದಿನ ಅಕ್ಕ ಹೇಳಿದಳು: “ನಡಗಬೇಕಾದ್ದು ತಂತಿ. ಕೈ ಅಲ್ಲ.”

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ತಂಬೂರಿಗೆ ನಾಲ್ಕು ತಂತಿ. ನಾನು ಒಂದು, ಎರಡು, ಮೂರು, ನಾಲ್ಕು ಎಂದು ಮನಸ್ಸಿನಲ್ಲೇ ಎಣಿಸುತ್ತ ಮೀಟುತ್ತಿದ್ದೆ. ಜಿಮ್ಮಿನಲ್ಲಿ ಕೊನೆಯ ಸುತ್ತು ಬಂದಾಗ ಮೈಯಲ್ಲಿ ಒಂದು ಆವೇಶ ಏರುತ್ತದೆ, ಗೊತ್ತಲ್ಲ? ಅದೂ ಬೆರಳಿಗೆ ಇಳಿಯುತ್ತಿತ್ತು. ಅಕ್ಕ ವಿಲಂಬಿತದಲ್ಲಿ ನಿಧಾನ ಸ್ವರ ಹಚ್ಚಿದ್ದರೆ ನಾನು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದ್ದೆ.

“ಏನೋ ಇದು, ಟಾಂಗಾ ಹೊಡೀಲಿಕ್ಕತ್ತೀಯೇನು?”

“ಸರಿಯಾಗಿ ಎಣಿಸಿನ ನುಡಸ್ಲಿಕ್ಕತ್ತೀನಿ ಅಕ್ಕಾ.”

“ಅದ ತಪ್ಪು. ತಬಲಾದಂವಾ ಎಣಸ್ತಾನ. ತಂಬೂರಿ ಎಣಸಬಾರದು. ಅದು ಸುಮ್ಮ ಇರಬೇಕು, ಗಾಳಿ ಇದ್ದಂಗ.”

ಎಣಿಸಬಾರದು ಎಂದರೆ ನನಗೆ ಉಸಿರಾಡಬಾರದು ಎಂದಂತೆ. ಹೇಗೆ ಎಣಿಸದೆ ಇರುವುದು ಎಂದು ಕೇಳಿದೆ. ಅದನ್ನು ತಾನು ಕಲಿಸಲಾರೆ ಎಂದಳು.

ಕಲಿಸಿದವರು ನೀಲಮ್ಮನವರು.

ನವನಗರದ ನಮ್ಮ ಮನೆಯ ಹಿಂದಿನ ಉದ್ಯಾನದಲ್ಲಿ ದಿನ ಬೆಳಿಗ್ಗೆ ಹತ್ತು ಹನ್ನೆರಡು ಹೆಂಗಸರು ಯೋಗ ಮಾಡುವುದನ್ನು ವರ್ಷಗಟ್ಟಲೆ ನೋಡಿದ್ದೆ. ನೋಡಿದ್ದೆ ಎಂದರೆ ಜಿಮ್ಮಿನ ಚೀಲ ಹೆಗಲಿಗೇರಿಸಿ ದಾಟಿ ಹೋಗಿದ್ದೆ. ನಡುವೆ ಕೂರುವ ಮುದುಕಿಯೇ ನೀಲಮ್ಮ. ಎಪ್ಪತ್ತರ ಹತ್ತಿರ. ಸೆರಗು ಸೊಂಟಕ್ಕೆ ಬಿಗಿದು, ನೆಲಕ್ಕೆ ಕೈ ತಾಗಿಸದೆ ಕೂರುತ್ತಾರೆ, ಕೈ ತಾಗಿಸದೆ ಏಳುತ್ತಾರೆ. ನಡುವೆ ಅವರ ಬೆನ್ನು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಊರು ಗರಗ. ಹುಡುಗಿಯಾಗಿದ್ದಾಗಿನಿಂದ ಮದುವೆಯಾಗಿ ಇಲ್ಲಿಗೆ ಬರುವವರೆಗೆ ಅಲ್ಲಿ ಖಾದಿ ನೂಲು ತೆಗೆದವರು. ಚರಕದ ಮುಂದೆ ದಿನವಿಡೀ ಕೂತವರ ಬೆನ್ನು ಬಾಗದಿರಲಿ ಎಂದು ಹಿರಿಯರೊಬ್ಬರು ಆ ಹುಡುಗಿಯರಿಗೆ ಆಸನ ಹೇಳಿಕೊಟ್ಟಿದ್ದರಂತೆ. ಉಳಿದವರು ಬಿಟ್ಟರು, ಇವರು ಬಿಡಲಿಲ್ಲ. ಗೋಡೆಯ ಮೇಲೆ ಪ್ರಮಾಣಪತ್ರ ಇಲ್ಲ. ಬೆನ್ನೇ ಪ್ರಮಾಣಪತ್ರ.

ಮೊದಲ ದಿನ ಹೋಗಿ ನಿಂತು, ಕಸುಬಿನ ಅಭ್ಯಾಸದಂತೆ ವಿವರ ಕೇಳಿದೆ. “ಎಷ್ಟು ಸೆಟ್ ಮಾಡಬೇಕ್ರಿ?”

“ಸೆಟ್ಟ? ಇಲ್ಲಿ ಸೆಟ್ಟೂ ಇಲ್ಲ, ಶೆಟ್ಟರೂ ಇಲ್ರೀ. ಕೂಡ್ರಿ ಮೊದಲ.”

ಕೂತೆ. ಮೊಣಕಾಲುಗಳು ಎರಡೂ ಕಿವಿಯ ಮಟ್ಟಕ್ಕೆ ಎದ್ದು ನಿಂತವು. ಹೆಂಗಸರ ಸಾಲಿನಿಂದ ಒಂದು ದನಿ, “ಟೀಚರ್, ಪೇಪರಿನವರು ಬೀಗರ ಮನ್ಯಾಗ ಕೂತಂಗ ಕೂತಾರ ನೋಡ್ರಿ” ಎಂದಿತು. ನಗು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ನೀಲಮ್ಮ ನಗಲಿಲ್ಲ. ತಮ್ಮ ನವಲಗುಂದದ ಹಳೆಯ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೆಳಗೆ ಸೇರಿಸಿದರು. ಮೊಣಕಾಲುಗಳು ಅಷ್ಟರ ಮಟ್ಟಿಗೆ ಕೆಳಗಿಳಿದವು.

“ಎದಕ್ಕ ಬಂದ್ರಿ, ಖರೇ ಹೇಳ್ರಿ. ಹೊಟ್ಟಿ ಕರಗಸಾಕ?”

ತಂಬೂರಿಯ ಸಂಗತಿ ಹೇಳಿದೆ. ಅಕ್ಕನ ದನಿಯ ಸಂಗತಿಯನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಹೆಗಲು ನೋಡಿದರು. “ಎತ್ತೂದು ಕಲತೀರಿ. ಇಳಸೂದು ಕಲತಿಲ್ಲ. ಹೆಗಲು ಇನ್ನೂ ಏನೋ ಹೊತ್ತಂಗ ಐತಿ. ಇಳಸ್ರಿ.”

“ಯಾವಾಗ ಗುರುಪೂರ್ಣಿಮಿ?” ಎಂದೂ ಕೇಳಿದರು. ಹೇಳಿದೆ. ದಿನ ಎಣಿಸಲು ಅವರು ಬೆರಳು ಮಡಿಚಲಿಲ್ಲ. “ಆಗ್ತೈತಿ. ಆದ್ರ ಆ ಕಬ್ಬಿಣ ಬಿಡಬೇಕು. ಒಂದ ಕೈಲೆ ಗಂಟು ಬಿಚ್ಚಿ ಇನ್ನೊಂದ ಕೈಲೆ ಕಟ್ಟಿದ್ರ ಆಗಂಗಿಲ್ಲ.”

ಜಿಮ್ಮು ಬಿಡುವುದೆಂದರೆ ಇರ್ಫಾನ್‌ಗೆ ಹೇಳಬೇಕು. ಇರ್ಫಾನ್ ನನ್ನ ತರಬೇತುದಾರರು, ಹಳೇ ಹುಬ್ಬಳ್ಳಿಯವರು. ಮೂರು ವರ್ಷ ನನ್ನ ಹಿಂದೆ ನಿಂತು “ಇನ್ನೊಂದು ಸರ್, ಇನ್ನೊಂದು ತೆಗೀರಿ” ಎಂದು ಕೂಗಿ, ಕಡ್ಡಿ ರಾಘ್ಯಾನನ್ನು ನೂರ ನಲವತ್ತಕ್ಕೆ ತಂದವರು. ಮಳೆಗಾಲದೊಳಗೆ ನೂರೈವತ್ತು ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು.

“ತಂಬೂರಿ ಎಷ್ಟ ಕೆಜಿ ಐತ್ರಿ ಸರ್?”

“ನಾಕು.”

“ನಾಕ ಕೆಜಿ ಸಲುವಾಗಿ ನೂರಾ ನಲವತ್ತ ಬಿಡ್ತೀರಿ?”

“ಎತ್ತೂದಲ್ಲ ಇರ್ಫಾನ್. ಹಿಡಕೊಂಡು ಕೂಡೂದು. ಒಂದ ತಾಸು, ಅಲಗಾಡಲಾರದ.”

ಇರ್ಫಾನ್ ನಗುತ್ತಿದ್ದವರು ನಿಲ್ಲಿಸಿದರು. “ಒಂದ ತಾಸು ಅಲಗಾಡಲಾರದ? ನಮ್ಮ ದಾದಾ, ಅಪ್ಪನ ಅಪ್ಪ, ಗಾದಿ ಹೊಲ್ಯಾಕ ಕೂತ್ರ ಹಂಗ ಕೂಡ್ತಿದ್ರು ಸರ್. ಮುಂಜಾನಿ ಕೂತ್ರ ಮಧ್ಯಾಹ್ನ ಏಳವ್ರು. ನನಗ ಇವತ್ತಿಗೂ ಆಗೂದಿಲ್ಲ ಅದು.” ಆಮೇಲೆ ಕೈ ಕುಲುಕಿ, “ಹೋಗ್ರಿ ಸರ್. ನಾಕ ಕೆಜಿ ಅಲ್ಲ, ಭಾರೀ ವಜ್ಜಾ ಹಿಡದೀರಿ” ಎಂದರು. ಸ್ಪರ್ಧೆಗೆ ಹೊರಟವನನ್ನು ಕಳಿಸಿಕೊಡುವ ರೀತಿ ಇತ್ತು ಅದು. ಅವರ ಬಗ್ಗೆ ನನಗಿದ್ದ ಗೌರವ ಆ ದಿನ ಇನ್ನಷ್ಟು ಹೆಚ್ಚಿತು.

ಯೋಗವೆಂದರೆ ತಲೆ ಕೆಳಗಾಗಿ ನಿಲ್ಲುವುದು ಎಂದುಕೊಂಡಿದ್ದವನಿಗೆ ಮೊದಲ ತಿಂಗಳು ನಿರಾಶೆ. ಕೂರುವುದು, ಕಾಲು ಚಾಚುವುದು, ಅಂಗಾಲುಗಳನ್ನು ಜೋಡಿಸಿ ಮೊಣಕಾಲನ್ನು ಚಿಟ್ಟೆಯ ರೆಕ್ಕೆಯಂತೆ ಬಿಡುವುದು, ಉಸಿರು ನೋಡುವುದು. ಬೆವರು ಇಲ್ಲ, ಏದುಸಿರು ಇಲ್ಲ, ಬರೆದುಕೊಳ್ಳಲು ಅಂಕಿ ಇಲ್ಲ. ಶವಾಸನದಲ್ಲಿ ಗೊರಕೆ ಹೊಡೆದೆ ಎಂಬ ಆರೋಪಕ್ಕೆ ಹನ್ನೊಂದು ಸಾಕ್ಷಿಗಳಿದ್ದಾರೆ. ಮುಂದಕ್ಕೆ ಬಾಗುವಾಗ ನಾನು ಗುಟ್ಟಾಗಿ ಎಣಿಸುತ್ತಿದ್ದೆ. ಮೂವತ್ತಾದರೆ ಒಂದು ಸೆಟ್ ಎಂದು. ತುಟಿ ಅಲುಗಿದ್ದು ನೀಲಮ್ಮನವರ ಕಣ್ಣಿಗೆ ಬಿತ್ತು.

“ನೂಲು ಎಳಿಯೂ ಮುಂದ ಎಷ್ಟ ಎಳದ್ನಿ ಅಂತ ಎಣಸ್ತಾರೇನ್ರಿ? ಎಣಸಾಕ ಹ್ವಾದ್ರ ಹರೀತೈತಿ. ಸಾಕು ಅನ್ನೂದು ಕೈಗೆ ತಿಳೀತೈತಿ.”

“ನನ್ನ ಕೈಗೆ ತಿಳಿಯೂದಿಲ್ಲಲ್ರೀ.”

“ಕೇಳಿದ್ರ ತಿಳೀತೈತಿ. ನೀವು ಬರೇ ಹೇಳಾಕತ್ತೀರಿ ಅದಕ್ಕ.”

ಮೂವತ್ತು ವರ್ಷ ಬೇರೆಯವರ ವಾಕ್ಯ ತಿದ್ದಿದ್ದೇನೆ. ಈ ವಾಕ್ಯದಲ್ಲಿ ತಿದ್ದಲು ಏನೂ ಸಿಗಲಿಲ್ಲ.

ಜಮಖಾನದ ಮಡಿಕೆಗಳನ್ನು ಅವರು ಒಂದೊಂದಾಗಿ ತೆಗೆದರು. ಯಾವಾಗ ತೆಗೆದರೆಂದು ನನಗೆ ಹೇಳಲಿಲ್ಲ. ಬಂದು ಕೂತಾಗ ನಾಲ್ಕಿದ್ದದ್ದು ಮೂರಾಗಿರುತ್ತಿತ್ತು. ಒಂದು ದಿನ ಎರಡಾಯಿತು. ಅಕ್ಕನ ಪಡಸಾಲೆಯಲ್ಲಿ ಹತ್ತು ನಿಮಿಷ ಇಪ್ಪತ್ತಾಯಿತು. ಕಾರಹುಣ್ಣಿಮೆಯ ಹೊತ್ತಿಗೆ ಒಂದು ಬೆಳಿಗ್ಗೆ ಅಕ್ಕ “ಸಾಕು” ಎಂದಾಗ ಗಡಿಯಾರ ನೋಡಿದೆ. ನಲವತ್ತು ನಿಮಿಷ ಕಳೆದಿದ್ದವು. ಒಂದನ್ನೂ ನಾನು ಎಣಿಸಿರಲಿಲ್ಲ.

ತಂಬೂರಿಯ ತಂತಿಗೂ ಅದನ್ನು ಹೊತ್ತ ಕುದುರೆ ಎಂಬ ಸಣ್ಣ ಪಟ್ಟಿಗೂ ನಡುವೆ ಒಂದು ಚೂರು ನೂಲು ಇಡುತ್ತಾರೆ. ಅದಕ್ಕೆ ಜೀವಾಳ ಎಂದು ಹೆಸರು. ನೂಲು ಸರಿಯಾದ ಜಾಗದಲ್ಲಿ ಕೂತರೆ ತಂತಿ ಗುಂಯ್ ಎಂದು ತುಂಬಿ ನುಡಿಯುತ್ತದೆ, ಕೂರದಿದ್ದರೆ ತಗಡು ಬಡಿದಂತೆ ಟಣ್ ಎನ್ನುತ್ತದೆ. ಆ ದಿನಗಳಲ್ಲೇ ಒಂದು ತಂತಿಯ ಜೀವಾಳ ಸವೆದು ಹೋಗಿತ್ತು. ಅಂಗಡಿಯ ದಾರ ಯಾವುದೂ ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ. ಉದ್ಯಾನದಲ್ಲಿ ಈ ಮಾತು ನೀಲಮ್ಮನವರ ಕಿವಿಗೆ ಬಿತ್ತು. ಮರುದಿನ ಕಾಗದದಲ್ಲಿ ಸುತ್ತಿ ಒಂದು ಸಣ್ಣ ನೂಲಿನ ಸುರುಳಿ ಕೊಟ್ಟರು. “ನಾನ ತೆಗದದ್ದು. ಮದುವಿ ಮುಂಚಿಂದು. ಪೆಟಿಗ್ಯಾಗಿತ್ತು.”

ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಬೆರಳಿನಲ್ಲಿ ಹೊಸೆದಳು, ತಂತಿಯ ಕೆಳಗೆ ಸೇರಿಸಿ ಕೂದಲೆಳೆಯಷ್ಟು ಅತ್ತಿತ್ತ ಸರಿಸಿದಳು. ನಾನು ಮೀಟಿದೆ. ಅವಳು ಕಣ್ಣು ಮುಚ್ಚಿ ಕೇಳಿ, “ಯಾರ ಕೈ ಇದು?” ಎಂದಳು. ಹೇಳಿದೆ. “ಒಮ್ಮೆ ಕರಕೊಂಡು ಬಾ ಅವರನ್ನ” ಎಂದಳು.

ಗುರುಪೂರ್ಣಿಮೆಯ ಬೆಳಿಗ್ಗೆ ಮಳೆ ಹಿಡಿದಿತ್ತು. ಗುರುಗಳ ಮನೆಯ ಕೋಣೆಯಲ್ಲಿ ಮೂವತ್ತೆಂಟು ಜನ ಇದ್ದರು. ಅಕ್ಕ ಹಾಡುವ ಮೊದಲು ನಾನು ಎಣಿಸಿದ್ದು ಇದು. ನಾನು ಒಂದೇ ಮಡಿಕೆಯ ಜಮಖಾನದ ಮೇಲೆ, ಅವಳ ಹಿಂದೆ ಎಡಕ್ಕೆ ಕೂತೆ. ಗವಸು ಬಿಚ್ಚುವಾಗ ಅಕ್ಕ ಬುರುಡೆಯ ಬಿರುಕನ್ನು ಹೆಬ್ಬೆರಳಿನಿಂದ ಸವರಿ, ನನಗಷ್ಟೇ ಕೇಳುವಂತೆ, “ಇದೂ ಒಡದದ್ದ, ನನ್ನ ಗಂಟಲಾನೂ ಒಡದದ್ದ. ನೀ ಒಬ್ಬಾಂವ ಧಡಧಾಕಟ, ಗಟ್ಟಿಮುಟ್ಟ ಇದ್ದೀ. ಏನ ಆದ್ರೂ ನಿಲ್ಲಸಬ್ಯಾಡ, ನನ್ನ ಮಾರಿ ನೋಡಬ್ಯಾಡ” ಎಂದಳು.

ತೋಡಿ ರಾಗ ಎತ್ತಿಕೊಂಡಳು. ಕೆಳಗಿನ ಸ್ವರಗಳಲ್ಲಿ ಬಹಳ ಹೊತ್ತು ಇದ್ದಳು. ನನಗೆ ಸಂಗೀತ ತಿಳಿಯುವುದಿಲ್ಲ ಎಂಬುದು ಅವಳ ನಂಬಿಕೆ. ಮೂರು ತಿಂಗಳು ಬೆನ್ನ ಹಿಂದೆ ಕೂತವನಿಗೆ, ಮೇಲಿನ ಷಡ್ಜಕ್ಕೆ ಹೋಗುವ ಮುಂಚೆ ಅವಳ ಹೆಗಲು ಹೇಗೆ ತುಸು ಏರುತ್ತದೆ ಎಂಬುದು ತಿಳಿದಿತ್ತು. ಏರಿತು. ದನಿ ಮೇಲೆ ಹೋಯಿತು, ಮುಟ್ಟುವ ಮುನ್ನ ಒಡೆಯಿತು.

ತಬಲಾದವರ ಕೈ ತಡೆಯಿತು. ತಂಬೂರಿಯೊಂದೇ ನಡೆದಿತ್ತು. ನನ್ನ ಬೆರಳು ಓಡಲೂ ಇಲ್ಲ, ನಿಲ್ಲಲೂ ಇಲ್ಲ. ನಾನು ನೆಲಹಾಸಿನ ಒಂದು ಕಲ್ಲಿನ ಮೂಲೆ ನೋಡುತ್ತಿದ್ದೆ. ಎಷ್ಟು ಹೊತ್ತು ಎಂದು ಕೇಳಿದರೆ ನನ್ನಲ್ಲಿ ಮಾಹಿತಿ ಇಲ್ಲ. ಆಮೇಲೆ ಅಕ್ಕನ ಹೆಗಲು ಇಳಿಯಿತು. ಕೆಳಗಿನ ನಿಷಾದದಿಂದ ಮತ್ತೆ ಎತ್ತಿಕೊಂಡಳು. ಮೇಲಿನ ಷಡ್ಜದ ತನಕ ಹೋಗದೆ ಅದರ ಸುತ್ತಲೂ ಸುಳಿದು, ಹಾಡು ಮುಗಿಸಿ ಕೈ ಮುಗಿದಳು. ನಾಲ್ಕನೆಯ ವರ್ಷಕ್ಕೆ ಚಹಾ ಹಂಚಿದವರು ಬೇರೆ ಯಾರೋ.

ಅಕ್ಕನಿಗಿಂತ ಹಿರಿಯ ಶಿಷ್ಯರೊಬ್ಬರು ಬಂದು ನನ್ನ ಮುಂದೆ ಕೂತರು. “ಛಲೋ ಹಿಡದ್ರಿ ತಂಬೂರಿ. ಯಾರ ಕಡೆ ಕಲತ್ರಿ?”

“ಗರಗದ ನೀಲಮ್ಮ ಅಂತ್ರಿ.”

“ಹೆಸರು ಕೇಳಿಲ್ಲಲ್ಲ. ಯಾವ ಘರಾಣಾ?”

“ನೂಲಿಂದ್ರಿ,” ಎಂದಳು ಅಕ್ಕ, ಚಹಾದ ಬಟ್ಟಲಿನ ಮೇಲಿಂದ.

ಏಳುವಾಗ ಗೋಡೆ ಹಿಡಿದೆ. ದಾಖಲೆಗಾಗಿ ಹೇಳುತ್ತಿದ್ದೇನೆ.

ನೀಲಮ್ಮನವರು ನಾಗರಪಂಚಮಿಯ ಮರುದಿನ ಅಕ್ಕನ ಮನೆಗೆ ಬಂದರು. ಇಬ್ಬರೂ ನೆಲದ ಮೇಲೆ ಕೂತು ಉಂಡಿ ತಿನ್ನುತ್ತ ನನ್ನ ಗೊರಕೆಯ ಬಗ್ಗೆ ಮಾತಾಡಿದರು. ಜಿಮ್ಮಿಗೆ ನಾನು ಮರಳಿಲ್ಲ. ಇರ್ಫಾನ್ ಒಂದು ಬೆಳಿಗ್ಗೆ ಉದ್ಯಾನಕ್ಕೆ ಬಂದು ನಾಲ್ಕು ಮಡಿಕೆಯ ಜಮಖಾನದ ಮೇಲೆ ಕೂತರು. “ಬೀಗರು ಇನ್ನೊಬ್ಬರು ಬಂದ್ರು” ಎಂದು ಹೆಂಗಸರ ಸಾಲು ಸ್ವಾಗತಿಸಿತು. ಮೊನ್ನೆ ಸಿಕ್ಕ ಆ ಒಂಟಿ ಕೈಗವಸನ್ನು ಒಗೆದು, ತಂಬೂರಿಯ ತಂತಿ ಒರೆಸಲು ಅಕ್ಕ ಇಟ್ಟುಕೊಂಡಿದ್ದಾಳೆ.

ಇವತ್ತು ಶ್ರಾವಣದ ಎರಡನೆಯ ಸೋಮವಾರ. ಬೆಳಿಗ್ಗೆ ಏಳೂವರೆಯ ಸುಮಾರಿಗೆ, ಪಡಸಾಲೆಯಲ್ಲಿ, ಅಕ್ಕ ಮೇಲಿನ ಷಡ್ಜಕ್ಕೆ ಹೋದಳು. ದನಿ ಒಡೆಯಲಿಲ್ಲ.